ಮಂಡಕ್ಕಿ ಒಲ್ಲದ ಅತಿಥಿ

ನಮ್ಮ ಸೋದರಮಾವನಷ್ಟು ಅತಿಥಿಸತ್ಕಾರ ಬಲ್ಲವರು ಇಡೀ ಕೊಟ್ಟೂರಿನಲ್ಲಿ ಇನ್ನೊಬ್ಬರಿರಲಿಲ್ಲ. ಅತಿಥಿ ಬಸವನಹುಳುವಾದರೂ ಸರಿ!

ಬೋರ್‌ವೆಲ್ ಮೋಟರು ರಿಪೇರಿ ಮಾಡುವ ಮಾವ ಒಮ್ಮೆ ಗೋಕರ್ಣಕ್ಕೆ ಹೋದರು. ಎಮ್ಮೆ ಈಯುತ್ತದೆಂದು ಮನೆಯಲ್ಲೇ ಉಳಿದ ಅತ್ತೆಗೂ ಸಮುದ್ರಸ್ನಾನದ ಪುಣ್ಯ ಸಿಗಲೆಂದು ಎರಡು ಕ್ಯಾನು ಉಪ್ಪುನೀರು ತಂದರು. ಜೊತೆಗೊಂದು ಚೆಂದದ ಖಾಲಿ ಚಿಪ್ಪು. ಬಸ್ಸು ಹುಬ್ಬಳ್ಳಿ ದಾಟಿದ ಮೇಲೆ ಆ ಖಾಲಿ ಚಿಪ್ಪು ಚೀಲದೊಳಗೆ ಓಡಾಡತೊಡಗಿತು! ಅತ್ತೆಯ ಪುಣ್ಯವೆಲ್ಲ ಪ್ಲಾಸ್ಟಿಕ್ ಟಬ್ಬಿಗೆ ಹೋಯಿತು. ಸ್ನಾನ ಮಾಡಿದ್ದು ಸಮುದ್ರದ ಬಸವನಹುಳು.

ಸರಿ, ಇದು ತಿನ್ನುವುದೇನು? ಕೋಸು ಇಟ್ಟರು, ಕಡೆಗಣಿಸಿತು. ಅವಲಕ್ಕಿ? ಊಹೂಂ. ಕೊನೆಗೆ ಮಂಡಕ್ಕಿ. ನಮ್ಮ ಕಡೆ ಮಂಡಕ್ಕಿ ಬೇಡವೆನ್ನುವ ಜೀವವೂ ಉಂಟೇ? ಇತ್ತು! ಮೂರು ದಿನ ಅದು ಪೂರ್ತಿ ಉಪವಾಸ, ಮಾವ ಅರೆಹೊಟ್ಟೆ.

"ನಮ್ಮ ಮನೀಗೆ ಬಂದಿದ್ದು ಹಸಿದು ಸಾಯಬಾರದಲೇ," ಎಂದು ನನ್ನನ್ನು ಜೀವಶಾಸ್ತ್ರದ ಮೇಷ್ಟ್ರ ಹತ್ತಿರ ಅಟ್ಟಿದರು. ಮೇಷ್ಟ್ರು ನಕ್ಕರು. ಅದು ಬೇರೆ ಚಿಪ್ಪುಜೀವಿಗಳನ್ನು ತಬ್ಬಿಕೊಂಡು, ಅರದಂಥ ನಾಲಿಗೆಯಿಂದ ಚಿಪ್ಪು ಕೊರೆದು, ತೂತಿನಿಂದ ಒಳಗಿನ ಮಾಂಸ ತಿನ್ನುವ ಜಾತಿಯಂತೆ!

ನನಗೆ ದಿಗಿಲು: ಟಬ್ಬು ಕೊರೆದರೆ? ಗೋಡೆ ಕೊರೆದರೆ? ಅತ್ತೆಯ ದಿಗಿಲೇ ಬೇರೆ.

"ಈ ಮನಿಯಾಗ ಇವತ್ತಿನತನ ಒಂದ್ ಮೊಟ್ಟಿ ಒಡೆದಿಲ್ಲ. ದೇವರ ಕೋಣಿ ಬಗಲಾಗ ಮಾಂಸ ತಿನ್ನೋದನ್ನ ಇಟ್ಟೀರಲ್ರೀ!"

"ಅದಕ್ಕ ರೊಟ್ಟಿ ಪಲ್ಯ ರೂಢಿ ಮಾಡಸ್ಲೇನು?"

ಮಾವ ಹಡಗಲಿ ಕಡೆ ಮೋಟರು ಎತ್ತಲು ಹೋದವರು ಹೊಳೆಯಿಂದ ಬಕೆಟ್ ತುಂಬ ಕಪ್ಪೆಚಿಪ್ಪು ತಂದರು. ಟಬ್ಬಿಗೆ ಹಾಕಿದ ಒಂದು ಚಿಪ್ಪು ಎರಡೇ ದಿನದಲ್ಲಿ ಬರಿದಾಗಿತ್ತು. ಮೇಲೊಂದು ದುಂಡನೆಯ ತೂತು. ಮಾವ ವರ್ನಿಯರ್ ಹಿಡಿದು ಅಳೆದೇ ಅಳೆದರು.

"ನೋಡ್ಲೇ, ಅಂಚಿಗೆ ಇಳಿಜಾರು ಬ್ಯಾರೆ ಕೊಟ್ಟೈತಿ! ಕರೆಂಟಿಲ್ಲ, ಡ್ರಿಲ್ಲಿಲ್ಲ. ನನ್ನ ಕೈಯಾಗ ಇಷ್ಟು ವರ್ಷದಾಗ ಹಿಂಗ ಬಂದಿಲ್ಲ."

ಅಂಗಡಿಗೆ ಬಂದ ರೈತರಿಗೆಲ್ಲ ಮೋಟರಿಗಿಂತ ಮೊದಲು ಆ ತೂತಿನ ದರ್ಶನ!

ಮುಂದಿನ ವಾರ ಹರಪನಹಳ್ಳಿಯಲ್ಲಿ ಕೆಲಸ ಮುಗಿಯದೆ ಮಾವ ಅಲ್ಲೇ ಉಳಿದರು. ಎಸ್‌ಟಿಡಿ ಬೂತಿನಿಂದ ನನಗೆ ಫೋನು: "ಅದಕ್ಕ ಉಣ್ಣಾಕ ಹಾಕಲೇ. ನಿಮ್ಮತ್ತಿ ಸತ್ರೂ ಮುಟ್ಟಂಗಿಲ್ಲ."

ನಾನೂ ಹುಟ್ಟಾ ಶಾಕಾಹಾರಿ, ಮೇಲೆ ಪುಕ್ಕಲ. ಧೈರ್ಯ ತಂದುಕೊಳ್ಳುವಷ್ಟರಲ್ಲಿ ಸಂಜೆಯಾಯಿತು. ಹೋಗಿ ನೋಡುತ್ತೇನೆ, ಟಬ್ಬಿನ ಮುಂದೆ ಅತ್ತೆ ಕೂತಿದ್ದಾರೆ. ಮೂಗಿಗೆ ಸೆರಗು, ಬಿಗಿಯಾಗಿ ಮುಚ್ಚಿದ ಕಣ್ಣು, ಕೈಯಲ್ಲಿ ಅಡುಗೆಮನೆಯ ಇಕ್ಕಳ, ಅದರಲ್ಲಿ ಕಪ್ಪೆಚಿಪ್ಪು.

ಅದನ್ನು ಮೆಲ್ಲಗೆ ನೀರಿಗೆ ಇಳಿಸಿ ಹೇಳುತ್ತಿದ್ದರು:

"ಉಣ್ಣವ್ವಾ, ಸಂಕೋಚ ಮಾಡ್ಕೋಬ್ಯಾಡ. ನಾ ಆ ಕಡಿ ತಿರುಗಿ ಕೂಡ್ತೀನಿ."