ಅಪ್ಪನ ಕ್ಲಾರಿನೆಟ್ಟೂ ನನ್ನ ಕವಿತೆಯೂ

ಕವಿತೆ ಬರೆಯುವ ಚಟವನ್ನು ಬೀಡಿ ಸೇದುವ ಚಟಕ್ಕಿಂತ ಹುಷಾರಾಗಿ ಮುಚ್ಚಿಡಬೇಕು ಎಂಬುದು ನನ್ನ ಅನುಭವ. ಬೀಡಿ ಸೇದಿದರೆ ಹೆಂಡತಿ ಬೈಯುತ್ತಾಳೆ, ಅಷ್ಟೇ. ಕವಿತೆ ಬರೆದರೆ ನಗುತ್ತಾಳೆ. ಬಳ್ಳಾರಿಯಲ್ಲಿ ನನ್ನದೊಂದು ಗಾದಿ ಅಂಗಡಿ. ಅರಳೆ ಧೂಳಿನಲ್ಲಿ ಕೂತು ದಿಂಬಿಗೆ ಹತ್ತಿ ತುಂಬುವವನಿಗೆ ಕವಿತೆ ಯಾಕಪ್ಪಾ ಎಂದು ನೀವೂ ಕೇಳಬಹುದು. ಕೇಳಿ, ಪರವಾಗಿಲ್ಲ. ನನ್ನ ಹೆಂಡತಿ ಶಮೀಮ ದಿನಾ ಕೇಳುತ್ತಾಳೆ.

ಈ ಸಲದ ತಪ್ಪು ಮಾತ್ರ ನನ್ನದಲ್ಲ, ಮದುವೆ ಬ್ಯಾಂಡಿನದು. ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಮೆರವಣಿಗೆ ಬಂತು. ನಮ್ಮೂರ ಬಿಸಿಲಿಗೆ ಮದುಮಗನಿರಲಿ, ಅವನ ಕುದುರೆಯೂ ತೂಕಡಿಸುತ್ತಿತ್ತು. ಅಷ್ಟರಲ್ಲಿ ಕ್ಲಾರಿನೆಟ್ಟಿನವನು ಒಂದು ಹಳೇ ಧಾಟಿ ಎತ್ತಿದ ನೋಡಿ, ನನ್ನ ಕೈಯ ಸೂಜಿ ನಿಂತುಹೋಯಿತು. ಕುರುಗೋಡು, ನಮ್ಮ ಓಣಿ, ಕೆಂಪು ಕೋಟಿನ ಬ್ಯಾಂಡು, ಅದರ ಮುಂದಿನ ಸಾಲಿನಲ್ಲಿ ನಮ್ಮಪ್ಪ! ಅಪ್ಪ ವರ್ಷವೆಲ್ಲ ಹತ್ತಿ ಹಿಂಜುತ್ತಿದ್ದವನು, ಲಗ್ನದ ಸೀಸನ್ ಬಂತೆಂದರೆ ಕ್ಲಾರಿನೆಟ್ ಹಿಡಿದು ಸಿರುಗುಪ್ಪ, ಸಿರಿಗೇರಿ ಎಂದು ಹೊರಟುಬಿಡುತ್ತಿದ್ದ. ಬರುವಾಗ ಕೋಟಿನ ಜೇಬಿನಲ್ಲಿ ಬೂಂದಿ ಲಾಡು, ಲಾಡಿಗೆ ಅಂಟಿದ ಕೆಂಪು ನೂಲು. ನಾನು ಎರಡನ್ನೂ ತಿನ್ನುತ್ತಿದ್ದೆ. ಇದೆಲ್ಲ ನೆನಪಾಗಿ ಕಣ್ಣು ತುಂಬಿಬಂತು. ಗಿರಾಕಿ “ಧೂಳು ಬಿತ್ತೇನ್ರಿ?” ಅಂದ. ಹೂಂ ಅಂದೆ.

ಸಂಜೆಯೊಳಗೆ ಕವಿತೆ ಸಿದ್ಧ. ‘ಅಪ್ಪಾ, ಆ ಕರಿಯ ಕೊಳವೆಯೊಳಗೆ ನೀನು ಬಿಟ್ಟ ಉಸಿರು ಇಂದಿಗೂ ನನ್ನ ಎದೆಯಲ್ಲಿ ಆಡುತ್ತಿದೆ’ ಎಂದು ಶುರು. ಕುರುಗೋಡಿನಲ್ಲಿ ಕವಿಗೋಷ್ಠಿ ಇದೆಯೆಂದು ಗೊತ್ತಾಗಿ ಅದನ್ನು ಕಳಿಸಿದೆ. ಒಪ್ಪಿಗೆ ಎಷ್ಟು ಬೇಗ ಬಂತೆಂದರೆ, ನಾನು ಇಷ್ಟು ದಿನ ಸುಮ್ಮನೆ ಗಾದಿ ಹೊಲಿದು ಆಯಸ್ಸು ಕಳೆದೆನಲ್ಲಾ ಎನ್ನಿಸಿತು. ಬ್ಯಾನರಿನಲ್ಲಿ ಹೆಸರೂ ಬಿತ್ತು. ಆಮೇಲೆ, ಅಂಗಡಿಯ ಮೂಲೆಯಲ್ಲಿ ಕೂತು ಚಹಾ ಹೀರುತ್ತಿದ್ದ ಅಪ್ಪನಿಗೆ ಓದಿ ತೋರಿಸಿದೆ.

ಅಪ್ಪ ಲೋಟ ಕೆಳಗಿಟ್ಟ. “ಚಂದ ಐತಿ. ಆದ್ರ ನಾ ಊದ್ತಿರ್ಲಿಲ್ಲಪ್ಪ.”

“ಅಂದ್ರ?”

“ನನ್ನ ಕ್ಲಾರಿನೆಟ್ಟಿಗೆ ಪತ್ತೀನ ಇರ್ಲಿಲ್ಲ. ಬಾಯಿ ಇಡೋ ಕಡೆ ಒಂದು ತೆಳ್ಳನ ಪತ್ತಿ ಇರ್ತೈತಿ, ಅದಿದ್ರನ ನಾದ. ಅದಿಲ್ಲಂದ್ರ ಬರೇ ಗಾಳಿ.”

ವಿಷಯ ಇಷ್ಟು. ಇಂತಿಷ್ಟು ಜನರ ಬ್ಯಾಂಡು ಬರುತ್ತದೆಂದು ಬೀಗರ ಹತ್ತಿರ ಮಾತಾಗಿರುತ್ತದೆ. ಹೊರಡುವ ಹೊತ್ತಿಗೆ ಯಾರೋ ಒಬ್ಬ ಕೈಕೊಡುತ್ತಾನೆ. ಆಗ ಎತ್ತರದ, ಮೀಸೆ ಒಪ್ಪವಾಗಿರುವ ಒಬ್ಬನನ್ನು ಹಿಡಿದು ಕೆಂಪು ಕೋಟು ತೊಡಿಸಿ, ಕೈಗೊಂದು ಮೂಕ ವಾದ್ಯ ಕೊಡುತ್ತಾರೆ. ಅವನು ಗಲ್ಲ ಉಬ್ಬಿಸಿ ಬೆರಳಾಡಿಸುತ್ತಾ ನಡೆಯಬೇಕು, ಊದುವುದು ಪಕ್ಕದವನು. ಲೆಕ್ಕಕ್ಕುಂಟು, ಆಟಕ್ಕಿಲ್ಲ.

“ಕೋಟು ನನಗ ಸರಿಯಾಗಿ ಕೂಡ್ತಿತ್ತು. ಅದಕ್ಕ ಪ್ರತಿ ಸಲ ಕರೀತಿದ್ರು,” ಎಂದ ಅಪ್ಪ, ಸ್ವಲ್ಪ ಹೆಮ್ಮೆಯಿಂದಲೇ. ಊರಲ್ಲಿ ಇದು ಇನ್ಯಾರಿಗೆ ಗೊತ್ತು ಎಂದೆ. ಬ್ಯಾಂಡ್ ಮಾಸ್ತರ ಮೌಲಾಸಾಬ ಒಬ್ಬನಿಗೆ, ಉಳಿದವರೆಲ್ಲ ತೀರಿಕೊಂಡರು ಎಂದ.

ನನಗೆ ಬೆವರೊಡೆಯಿತು. ಕುರುಗೋಡಿನಲ್ಲಿ ಎಲ್ಲಿ ಮೈಕು ಕಟ್ಟಿದರೂ ಮೊದಲನೇ ಸಾಲಿನಲ್ಲಿ ಬಂದು ಕೂರುವವನು ಈ ಮೌಲಾಸಾಬ. ಬಾಯಲ್ಲಿ ಹಲ್ಲಿಲ್ಲ, ನಾಲಿಗೆಗೆ ಲಗಾಮಿಲ್ಲ. ಅವನು ಒಂದು ಮಾತು ಆಡಿದರೆ ಅಪ್ಪ ಜೀವಮಾನವೆಲ್ಲ ಉಳಿಸಿಕೊಂಡ ಮಾನ ತುಂಬಿದ ಸಭೆಯಲ್ಲಿ ಹೋಗುತ್ತದೆ, ಅದೂ ನನ್ನ ಕವಿತೆಯಿಂದ! ಬೇರೆ ಕವಿತೆ ಓದುತ್ತೇನೆ ಎಂದೆ. ಅಪ್ಪನ ಮುಖ ಸಪ್ಪಗಾಯಿತು. “ನನ್ನ ಮ್ಯಾಲ ಇನ್ಯಾರು ಬರೀತಾರಲೇ? ಅದನ್ನ ಓದು, ನಾನೂ ಬರ್ತೀನಿ” ಎಂದು ಮೀಸೆಗೆ ಬಣ್ಣ ಹಚ್ಚಿಕೊಳ್ಳಲು ಎದ್ದ. ಇನ್ನು ನಾನೇನು ಮಾಡಲಿ ಹೇಳಿ?

ಓದಿದೆ. ದನಿ ನಡುಗಿತು. ಜನ ಅದನ್ನು ಭಾವುಕತೆ ಎಂದುಕೊಂಡರು. ಮುಗಿಸಿ ತಲೆಯೆತ್ತಿದರೆ ಮೌಲಾಸಾಬ ಎದ್ದು ನಿಂತು ಮೈಕಿಗೆ ಕೈ ಚಾಚಿದ್ದಾನೆ. ಯಾ ಅಲ್ಲಾ! ಅವನು ಅಪ್ಪನ ಕಡೆ ನೋಡಿದ. ಅಪ್ಪ ಫ್ಯಾನಿನ ಕಡೆ ನೋಡಿದ.

“ಆ ಬ್ಯಾಂಡಿನ ಮಾಸ್ತರ ನಾನಽ ರಿ. ಈ ಕವಿಯ ಅಪ್ಪ ಹುಸೇನಿಯಂಥ ಮನಿಷ್ಯಾ ನಮ್ಮ ಬ್ಯಾಂಡಿನ್ಯಾಗ ಇನ್ನೊಬ್ಬ ಇರ್ಲಿಲ್ಲ. ಇಷ್ಟು ವರ್ಷದಾಗ ಒಂದು ಸ್ವರ ತಪ್ಪಿಲ್ರಿ, ಒಂದಽ ಒಂದು ಸ್ವರ!”

ಚಪ್ಪಾಳೆಯೋ ಚಪ್ಪಾಳೆ. ಎದೆಯ ಮೇಲಿಂದ ಒದ್ದೆ ಗಾದಿ ಎತ್ತಿಟ್ಟಂತಾಯಿತು. ಮೌಲಾಸಾಬನ ಕಾಲಿಗೆ ಬೀಳೋಣ ಎನ್ನಿಸಿತು. ಹೊರಗೆ ಚಹಾದ ಹತ್ತಿರ ಅವನು ಅಪ್ಪನ ಭುಜ ಚಿವುಟಿ, “ಖರೇ ಹೇಳಿದ್ರ ಆ ಬೀಗರೆಲ್ಲಾ ಬಂದು ನನ್ನ ಕೊಳ್ಳಪಟ್ಟಿ ಹಿಡೀತಾರಲೇ” ಅಂದ. ಇಬ್ಬರು ಮುದುಕರೂ ಕೆಮ್ಮು ಬರುವವರೆಗೆ ನಕ್ಕರು. ನಾನೂ ನಕ್ಕೆ. ಅಷ್ಟು ಹಗುರಾಗಿ ನಕ್ಕು ಎಷ್ಟೋ ದಿನವಾಗಿತ್ತು.

ಆಗ ಬಂದರು ಗೋಷ್ಠಿಯ ಸಂಚಾಲಕರು. ವೇದಿಕೆಯಲ್ಲಿ ಹೊದಿಸಿದ ಶಾಲನ್ನು ಇನ್ನೂ ಹೊದ್ದೇ ಇದ್ದ ನನ್ನ ಎರಡೂ ಕೈ ಹಿಡಿದುಕೊಂಡು, “ಬಹಳ ಉಪಕಾರ ಆತ್ರಿ. ಸಿರುಗುಪ್ಪದ ಕವಿಗಳೊಬ್ರು ಬರಂಗಿಲ್ಲಂದು ಕೈಕೊಟ್ಟಿದ್ರು, ಸ್ಟೇಜಿನ ಮ್ಯಾಲ ಕುರ್ಚಿ ಖಾಲಿ ಕಾಣ್ತಿತ್ತು. ನಿಮ್ಮ ಕವಿತಿ ಮೊದ್ಲ ಓದಿ ನೋಡಾಕೂ ನಮಗ ಪುರುಸೊತ್ತು ಆಗ್ಲಿಲ್ಲ ನೋಡ್ರಿ” ಅಂದರು. ಅಪ್ಪ ಪಕ್ಕದಲ್ಲೇ ನಿಂತಿದ್ದ. ಅವನ ಕಿವಿ ಈ ವಯಸ್ಸಿನಲ್ಲೂ ಚುರುಕು.

ಬಳ್ಳಾರಿ ಬಸ್ಸಿನಲ್ಲಿ ನಾನು ಮುದ್ದೆಯಾಗಿ ಕೂತಿದ್ದೆ. ಸ್ವಲ್ಪ ದೂರ ಬಂದಮೇಲೆ ಅಪ್ಪ ನನ್ನ ಹೆಗಲಿನ ಶಾಲನ್ನು ಎಳೆದು ಸರಿಮಾಡಿದ.

“ನೆಟ್ಟಗ ಕುಂದ್ರಲೇ. ನಿನಗ ಸರಿಯಾಗಿ ಕೂಡ್ತೈತಿ. ಇನ್ನ ಪ್ರತಿ ಸಲ ಕರೀತಾರ.”

ನೆಟ್ಟಗೆ ಕೂತೆ. ಬಳ್ಳಾರಿ ಬರುವವರೆಗೂ ಶಾಲು ತೆಗೆಯಲಿಲ್ಲ.