ಡ್ರಿಲ್ ಮೇಷ್ಟ್ರ ಹಗ್ಗದ ಪಾಠ

ಗಣಿತದ ಮೇಡಂ ಗಂಟಲು ಕಟ್ಟಿ ರಜೆ ಹಾಕಿದ ದಿನ ಸ್ಟಾಫ್ ರೂಮಿನಲ್ಲಿ ಹೆಡ್‌ಮೇಡಂ ಕಣ್ಣಿಗೆ ಬಿಡುವಾಗಿ ಕಂಡವರು ಡ್ರಿಲ್ ಮೇಷ್ಟ್ರು ಒಬ್ಬರೇ.

"ಸಾರ್, ಐದನೇ ಕ್ಲಾಸಿಗೆ ಸುತ್ತಳತೆ, ವಿಸ್ತೀರ್ಣ ಹೇಳ್ಕೊಟ್ಬಿಡಿ. ಆಮೇಲೆ ಬಂದು ನೋಡ್ತೀನಿ."

ಮೇಷ್ಟ್ರ ಮುಖ ಗಾಳಿ ಹೋದ ಫುಟ್‌ಬಾಲಿನಂತಾಯಿತು.

"ಅದೇನ್ ಮಹಾ ಕಣ್ರೀ," ಎಂದರು ವಿಜ್ಞಾನದ ಮೇಷ್ಟ್ರು. "ಸುತ್ತಳತೆ ಅಂದ್ರೆ ಬೇಲಿ, ವಿಸ್ತೀರ್ಣ ಅಂದ್ರೆ ಒಳಗಿನ ಹುಲ್ಲು."

"ಬೇಲಿ ಎಷ್ಟೋ ಹುಲ್ಲೂ ಅಷ್ಟೇ, ಹೇಳಿ ಮುಗಿಸಿ," ಎಂದು ಭಾಷೆಯ ಮೇಡಂ ಒಗ್ಗರಣೆ ಹಾಕಿದರು.

ಡ್ರಿಲ್ ಮೇಷ್ಟ್ರು ತರಗತಿಗೆ ಹೋಗಿ ಅದನ್ನೇ ಒಪ್ಪಿಸಿದರು. ಎರಡು ಜಡೆಯ ಹುಡುಗಿಯೊಬ್ಬಳು ಎದ್ದಳು. "ಸಾರ್, ಬೇಲಿ ಅಷ್ಟೇ ಇದ್ದು ಹುಲ್ಲು ಕಮ್ಮಿ ಆಗೋಕಾಗಲ್ವಾ?"

ಮೇಷ್ಟ್ರಿಗೆ ಗೊತ್ತಿರಲಿಲ್ಲ. ಬೋರ್ಡಿನ ಮೇಲೆ ಚೌಕ ಎಳೆದರು, ಅದು ಬದನೆಕಾಯಿಯಾಯಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಅತ್ತ ಹೆಡ್‌ಮೇಡಂ ಚಪ್ಪಲಿ ಸದ್ದು ಹತ್ತಿರವಾಗುತ್ತಿತ್ತು.

"ಎಲ್ಲಾ ಗ್ರೌಂಡಿಗೆ ನಡೀರಿ!" ಎಂದರು, ದಾರಿ ಕಾಣದೆ.

ಹಗ್ಗಜಗ್ಗಾಟದ ಹಗ್ಗದ ತುದಿಗಳಿಗೆ ಗಂಟು ಹಾಕಿ, ನಾಲ್ವರನ್ನು ನಾಲ್ಕು ಮೂಲೆಯಲ್ಲಿ ನಿಲ್ಲಿಸಿ ಚೌಕ ಮಾಡಿಸಿದರು. ಉಳಿದ ತರಗತಿಯೆಲ್ಲ ಒಳಗೆ ಆರಾಮಾಗಿ ಹಿಡಿಸಿತು.

"ಈಗ ಮೂಲೆಯವರು ಇಬ್ಬಿಬ್ಬರಾಗಿ ಆ ಕಡೆ ಈ ಕಡೆ ಎಳೀರಿ!"

ಚೌಕ ಉದ್ದಕ್ಕೆ ಸಪೂರವಾಯಿತು. ಒಳಗಿದ್ದವರು ಹಿಸುಕಿದ ಬಟಾಣಿಯಂತೆ ಒಬ್ಬೊಬ್ಬರೇ ಹೊರಕ್ಕೆ ಜಿಗಿದರು.

"ಹಗ್ಗ ಏನಾದ್ರೂ ಕಮ್ಮಿ ಆಯ್ತಾ?"

"ಇಲ್ಲಾ ಸಾರ್!"

"ಮತ್ತೆ ಜಾಗ ಎಲ್ಹೋಯ್ತು?" ಕೇಳುತ್ತ ಕೇಳುತ್ತಲೇ ಮೇಷ್ಟ್ರಿಗೂ ಹೊಳೆದುಬಿಟ್ಟಿತು.

ಎರಡು ಜಡೆ ಕುಣಿದಾಡಿತು. "ಸುತ್ತಳತೆ ಅಷ್ಟೇ ಸಾರ್, ವಿಸ್ತೀರ್ಣ ಕಮ್ಮಿ!"

ಕಿಟಕಿಗಳ ತುಂಬ ತಲೆಗಳು, ಚಪ್ಪಾಳೆ, ಸಿಳ್ಳೆ. ಹೆಡ್‌ಮೇಡಂ ಓಡೋಡಿ ಬಂದರು. "ಇಷ್ಟು ವರ್ಷ ನಂಗೇ ಗೊತ್ತಿರ್ಲಿಲ್ಲ ಸಾರ್! ಎಂಥಾ ಪಾಠ!"

ಮೇಷ್ಟ್ರ ಎದೆ ಗಾಳಿ ತುಂಬಿದ ಟ್ಯೂಬಿನಂತೆ ಉಬ್ಬಿತು.

ಹೆಡ್‌ಮೇಡಂ ಗ್ರೌಂಡನ್ನೊಮ್ಮೆ ನಿಧಾನವಾಗಿ ನೋಡಿದರು. "ದಿನಾ ಮಕ್ಕಳನ್ನ ಓಡಿಸೋದು ಇದರ ಸುತ್ತ ತಾನೇ?"

"ಸುತ್ತಾನೇ ಮೇಡಂ!" ಎಂದರು ಹೆಮ್ಮೆಯಿಂದ.

"ಹಾಗಾದ್ರೆ ಸುತ್ತಳತೆ ಅಷ್ಟೇ ಇಟ್ಕೊಂಡು, ಗ್ರೌಂಡನ್ನ ಹಿಂದಿನ ಗೋಡೆ ಪಕ್ಕ ಉದ್ದಕ್ಕೆ ಎಳೆದುಬಿಡೋಣ. ಉಳಿದ ಜಾಗದಲ್ಲಿ ಸ್ಕೂಲ್ ಬಸ್ ನಿಲ್ಲಿಸ್ಬಹುದು. ನೀವು ಹೇಳದೇ ಇದ್ದಿದ್ರೆ ಹೊಳೀತಾನೇ ಇರ್ಲಿಲ್ಲ!"

"ಮೇಡಂ, ಫುಟ್‌ಬಾಲು..."

ಎರಡು ಜಡೆಯ ಹುಡುಗಿ ಮೇಷ್ಟ್ರ ಕೈ ಹಿಡಿದು, ಮೆಲ್ಲಗೆ ಅರ್ಥ ಮಾಡಿಸಿದಳು: "ಸುತ್ತಳತೆ ಅಷ್ಟೇ ಇರುತ್ತೆ ಸಾರ್."

ಇಡೀ ತರಗತಿ ಡ್ರಿಲ್ ಮೇಷ್ಟ್ರಿಗೆ ಜೈಕಾರ ಕೂಗುತ್ತ ಹಿಂದಿನ ಗೋಡೆ ಪಕ್ಕ ಓಡತೊಡಗಿತು, ಒಬ್ಬರ ಹಿಂದೆ ಒಬ್ಬರು.