ಹೊಳಪು ಹೋದರೆ ಕಲಮು ವಾಪಸ್

ಕಟ್ಟಿಗೆಯ ಕಲಮು ಮಾಡಿ ಮಾರುವುದರಲ್ಲಿ ನಗುವಂಥದ್ದೇನಿದೆ ಎಂದು ಕೇಳುವವರು ನಮ್ಮ ಕಟ್ಟೆಯ ಮೇಲೆ ನಾಲ್ಕು ದಿನ ಬಂದು ಕೂರಬೇಕು. ಬೆಳಗಾದರೆ ಸಾಕು, ಒಂದಲ್ಲ ಒಂದು ತಕರಾರು ತಾನಾಗಿಯೇ ಮನೆ ಹುಡುಕಿಕೊಂಡು ಬರುತ್ತದೆ.

ನಿಜಾಮರ ಆಡಳಿತ ಹೋಗಿ, ಸುರಪುರದ ಕಚೇರಿಗಳಲ್ಲಿ ಉರ್ದುವಿನ ಪಕ್ಕ ಕನ್ನಡವೂ ಬಂದು ಕೂತ ಕಾಲವದು. ಅಲ್ಲಿಯವರೆಗೆ ನಾನು ಲಟ್ಟಣಿಗೆ, ಬುಗುರಿ, ತೊಟ್ಟಿಲ ಕಾಲು ಕಡೆಯುತ್ತಿದ್ದವನು. ಊರೆಲ್ಲ ಬರೆಯಲು ಕೂತದ್ದು ನೋಡಿ ನಿಬ್ಬು ಸಿಕ್ಕಿಸುವ ಕಲಮು ಮಾಡತೊಡಗಿದೆ. ನನ್ನ ಹೆಂಡತಿ ತಿರುಗಣಿಯ ಹಗ್ಗ ಎಳೆಯುತ್ತಾಳೆ. ಕಟ್ಟಿಗೆ ಗರಗರ ತಿರುಗುವಾಗ ನಾನು ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತೇನೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಕಟ್ಟಿಗೆಗೆ ಮೆತ್ತಿಕೊಳ್ಳುತ್ತದೆ. ಮೇಲೆ ತಾಳೆಗರಿಯಿಂದ ಉಜ್ಜಿದರೆ ಕಣ್ಣು ಕುಕ್ಕುವ ಹೊಳಪು. ಬೆವರಿಗಾಗಲಿ ಮಸಿಗಾಗಲಿ ಅದು ಜಗ್ಗುವುದಿಲ್ಲ. ಆ ಹಮ್ಮಿನಲ್ಲಿ "ಹೊಳಪು ಹೋದ್ರ ಕಲಮು ವಾಪಸ್" ಎಂದು ಊರ ತುಂಬ ಸಾರಿಬಿಟ್ಟೆ.

"ಆ ಅರಗು ಮೊದ್ಲ ನಿನ್ನ ಬಾಯಿಗಿ ಹಚ್ಚಬೇಕಿತ್ತು," ಅಂದಳು ನಮ್ಮಾಕಿ.

ಸೊರಗಿದ ಮಾರಿ

ಬೋನಾಳದ ಕಡೆಯಿಂದ ಕುರಿ ಮೇಯಿಸುವ ಹಿರಿಯರೊಬ್ಬರು ಬಂದರು. ಆನೆಯಂಥ ಆಳು, ಹುರಿ ಮಾಡಿದ ಮೀಸೆ. ಕೆಂಪು ಕಲಮೊಂದನ್ನು ಕೊಂಡರು.

"ಕಾಕಾ, ಬರಿಯಾಕ ಕಲ್ತೀರೇನ್ರಿ?" ಎಂದೆ.

"ಬರಿಯಾಕ ಯಾರಿಗಿ ಪುರಸೊತ್ತೈತಿ? ಇದರಾಗ ಮಾರಿ ಕಾಣತೈತಲ್ಲ. ಅಡವ್ಯಾಗ ಮೀಸಿ ತಿದ್ದಾಕ ಬೇಕು."

ಎರಡು ತಿಂಗಳಿಗೆ ಸಿಟ್ಟಿನಿಂದ ವಾಪಸು ಬಂದರು. ಕಲಮನ್ನು ಮೂಗಿನ ಮುಂದೆ ನೆಟ್ಟಗೆ ಹಿಡಿದು ತೋರಿಸಿದರು. ದುಂಡನೆಯ ಕಲಮಿನಲ್ಲಿ ಅವರ ಮುಖ ಹುಣಸೆಕಾಯಿಯಂತೆ ಉದ್ದಕ್ಕೆ ಕಾಣುತ್ತಿತ್ತು.

"ನೋಡು, ಹೆಂಗ ಸೊರಗೇನಿ! ಮನ್ಯಾಗ ಜಗಳಾಡಿ ದಿನಾ ತುಪ್ಪ ಉಣ್ಣಾಕತ್ತೇನಿ. ಎಳ್ಳಷ್ಟೂ ಮೈ ಹತ್ತವಲ್ದು. ನಿನ್ನ ಕಲಮಿನಾಗ ಏನೋ ಐತಿ."

ಅವರ ಹೊಟ್ಟೆ ಆಗಲೇ ಅಂಗಿಯ ಗುಂಡಿಗಳ ಜೊತೆ ಗುದ್ದಾಡುತ್ತಿತ್ತು. ಹಗ್ಗ ಹಿಡಿದಿದ್ದ ನಮ್ಮಾಕಿ, "ಕಾಕಾ, ಅಡ್ಡ ಹಿಡಿದು ನೋಡ್ರಿ," ಅಂದಳು.

ಅಡ್ಡ ಹಿಡಿದರು. ಮುಖ ರೊಟ್ಟಿಯಂತೆ ಅಗಲವಾಯಿತು. ಕಾಕಾನ ಕಣ್ಣಲ್ಲಿ ನೀರೇ ಬಂತು.

"ಯವ್ವಾ, ನಿನ್ನ ಕೈಗುಣ ದೊಡ್ಡದು! ಎರಡು ತಿಂಗಳ ತುಪ್ಪ ಈಗ ಹತ್ತಿತು ನೋಡು!"

ಒತ್ತಕ್ಷರದ ಕಾಟ

ಕಚೇರಿಯವರಿಗೆ ಸಂಜೆ ಹೊತ್ತು ಕನ್ನಡ ಪಾಠ ಶುರುವಾಯಿತು. ಕಲಿಯುವವರೆಲ್ಲ ಮೊಮ್ಮಕ್ಕಳನ್ನು ಕಂಡವರು. ಉರ್ದು ಬರೆದು ಬರೆದು ಪಳಗಿದ ಕೈ. ಹಾಳೆ ಕೊಟ್ಟರೆ ಬಲಗಡೆಯ ಅಂಚಿಗೇ ಓಡುತ್ತಿತ್ತು. ಒತ್ತಕ್ಷರ ಬಂದಾಗಂತೂ ಎಲ್ಲರ ಕಲಮಿನ ತುದಿ ಬಾಯಿಗೆ ಹೋಗುತ್ತಿತ್ತು. "ರಾಷ್ಟ್ರ" ಎಂದು ಮಾಸ್ತರರು ಹೇಳಿದರೆ ಕೋಣೆಯ ತುಂಬ ಕಟಕಟ ಸಪ್ಪಳ.

ಒಂದು ದಿನ ಪಾಠಕ್ಕೆ ಹೋಗುತ್ತಿದ್ದ, ಕಚೇರಿಯ ಕಾಗದಪತ್ರ ನೋಡುವ ಪೇಶ್ಕಾರ ಸಾಹೇಬರು ನಮ್ಮ ಕಟ್ಟೆಗೆ ಬಂದು ಕಲಮು ಚಾಚಿದರು. ತುದಿಯಲ್ಲಿ ಬರೀ ಹಲ್ಲಿನ ಗುರುತು.

"ಗಟ್ಟಿ ಹೊಳಪು ಅಂತ ಹೇಳಿದ್ದೆಲ್ಲೋ?"

ನನಗೂ ರೇಗಿತು. "ಬರಿಯಾಕ ಗಟ್ಟಿ ಅಂದಿದ್ದೆರಿ, ತಿನ್ನಾಕ ಅಂತ ಯಾವಾಗ ಅಂದೀನ್ರಿ?"

"ತಿನ್ನಾಕೂ ಗಟ್ಟಿನ ಐತಿ ಮಾರಾಯ," ಎಂದು ದವಡೆ ಹಿಡಿದುಕೊಂಡರು. "ಅದಕ್ಕ ಬಂದೀನಿ. ಎರಡು ಹಲ್ಲು ಅಳ್ಳಾಡಾಕತ್ಯಾವ. ಮುಂದಿನ ಕಲಮಿಗಿ ತುದ್ಯಾಗ ಸ್ವಲ್ಪ ಮೆತ್ತಗ ಮಾಡು."

ಸಾಹೇಬರ ದಸ್ತಖತ್

ಇದನ್ನು ನೆನೆದರೆ ಈಗಲೂ ಬೆವರು ಬರುತ್ತದೆ, ಜೊತೆಗೆ ನಗುವೂ ಬರುತ್ತದೆ.

ಒಂದು ಕಚೇರಿಯ ದೊಡ್ಡ ಸಾಹೇಬರು ಮೊದಲ ಸಲ ಕನ್ನಡದಲ್ಲಿ ದಸ್ತಖತ್ ಮಾಡುವ ದಿನ ಗೊತ್ತಾಯಿತು. ಅದಕ್ಕೆ ಕಲಮು ನಮ್ಮದೇ. ಅದು ಸಾಹೇಬರಿಗೆ ಒಪ್ಪಿಗೆಯಾದರೆ ಇಡೀ ಕಚೇರಿಗೆ ನಮ್ಮ ಕಲಮು. ಇಲ್ಲವಾದರೆ ಹೈದರಾಬಾದಿನಿಂದ ತರಿಸುತ್ತಾರೆ ಎಂದು ಹೇಳಿ ಕಳಿಸಿದ್ದರು. "ಇದು ತಪ್ಪಿದ್ರ ಸಾಯೂತನ ಲಟ್ಟಣಿಗಿನ ಗತಿ," ಎಂದು ನಮ್ಮಾಕಿ ಉಸಿರು ಬಿಡದೆ ಹಗ್ಗ ಎಳೆದಳು. ಅಂಥ ಹೊಳಪು ಮತ್ತೆ ನನ್ನ ಕೈಯಿಂದ ಬಂದಿಲ್ಲ.

ಈ ಸಾಹೇಬರು ಮನುಷ್ಯರು ಒಳ್ಳೆಯವರೇ. ಆದರೆ ಯಾರ ಅರ್ಜಿ ಬಂದರೂ ಕಲಮು ಕೆಳಗಿಟ್ಟು "ನಾಳೆ ಬರ್ರಿ" ಅನ್ನುವುದು ಅವರ ರೂಢಿ.

ಆ ದಿನ ಜನ ಕಿಕ್ಕಿರಿದಿತ್ತು. ನಾನು ಬಾಗಿಲ ಬಳಿ ನಿಂತಿದ್ದೆ. ಚಪರಾಸಿ ದೇವರಲ್ಲಿ ಬಹಳ ಭಕ್ತಿಯವನು. ಮೊದಲ ಕನ್ನಡ ಅಕ್ಷರ, ಸರಸ್ವತಿಗೆ ಆರತಿ ಆಗದೆ ಹೇಗೆ ಎಂದು ಕಲಮನ್ನು ತಟ್ಟೆಯಲ್ಲಿಟ್ಟು ಕರ್ಪೂರ ಹಚ್ಚಿದ. ಒಂದು ಆರಿತು, ಮತ್ತೊಂದು ಹಚ್ಚಿದ. ತಟ್ಟೆ ಕಾಯುತ್ತಿತ್ತು. ಬಿಸಿ ಅಂದರೆ ಅರಗಿಗೆ ಆಗದು. ಆದರೆ ದೇವರ ಕಾರ್ಯದ ನಡುವೆ ಬಾಯಿ ಹಾಕುವುದು ಹೇಗೆ?

ಸಾಹೇಬರು ಕಲಮು ತೆಗೆದುಕೊಂಡರು. ಕೈ ಸುಡುವಷ್ಟು ಬಿಸಿ ಇರಲಿಲ್ಲ, ಆದರೆ ಅರಗು ಮೆತ್ತಗಾಗಿತ್ತು. ಚೆಂದಾಗಿ ದಸ್ತಖತ್ ಮಾಡಿದರು. ಜನ ಚಪ್ಪಾಳೆ ತಟ್ಟಿದರು. ಕಲಮು ಕೆಳಗಿಡಲು ಹೋದರು, ಅದು ಬೆರಳು ಬಿಡಲಿಲ್ಲ. ಅರಗು ಆರಿ ಗಟ್ಟಿಯಾಗಿತ್ತು. ಮೇಜಿನ ಕೆಳಗೆ ಕೈ ಒಯ್ದು ಜಗ್ಗಿದರು, ಮೆಲ್ಲಗೆ ಕೊಡವಿದರು. ಊಹೂಂ.

ಅಷ್ಟರಲ್ಲಿ ಕೊಡೇಕಲ್ಲಿನ ಒಬ್ಬ ಮುದುಕಿ ಅರ್ಜಿ ಚಾಚಿದಳು. "ಯಪ್ಪಾ, ಹೆಂಗೂ ಕಲಮು ಕೈಯಾಗ ಐತಿ, ನಂದೂ ಒಂದು ಮಾಡಿಬಿಡ್ರಿ."

ಅಷ್ಟು ಜನರೆದುರು ಕಲಮು ಅಂಟಿದೆ ಎಂದು ಹೇಳುವುದು ಹೇಗೆ? ಸಾಹೇಬರು ಹಲ್ಲು ಕಚ್ಚಿ ದಸ್ತಖತ್ ಮಾಡಿದರು. ಅವಳ ಹಿಂದೆ ಮತ್ತೊಬ್ಬ, ಅವನ ಹಿಂದೆ ಓಣಿಯೇ ನಿಂತಿತು. ಭಕ್ತ ಚಪರಾಸಿ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ಕಾಗದಗಳನ್ನೂ ಝಾಡಿಸಿ ತಂದ. ಊಟದ ಹೊತ್ತು ಮೀರುವವರೆಗೆ ಸಾಹೇಬರು ಒಂದೇ ಸಮ ಬರೆದರು.

ಎಲ್ಲರೂ ಹೋದ ಮೇಲೆ ನನ್ನನ್ನು ಒಳಗೆ ಕರೆದರು. "ಮೊದ್ಲ ಇದನ್ನ ಬಿಡಸು." ಚಪರಾಸಿ ತಂದ ಬಿಸಿನೀರಿನಲ್ಲಿ ಅವರ ಕೈ ಇಡಿಸಿ ಬಿಡಿಸಿದೆ. ಹೊಳಪಿದ್ದ ಕಡೆ ಸಾಹೇಬರ ಬೆರಳಿನ ಅಚ್ಚು ಮೂಡಿತ್ತು. ಕಲಮನ್ನು ನನ್ನ ಕೈಗೆ ಹಾಕಿ, "ನಿನ್ನ ಕಲಮು ನಿನಗ. ಹೈದರಾಬಾದಿನಿಂದ ತರಸ್ತೀನಿ," ಅಂದರು.

ಮನೆಗೆ ಬಂದು ನಡೆದದ್ದು ಹೇಳಿದೆ. ನಮ್ಮಾಕಿ ಅತ್ತಳು. ನನಗೂ ಊಟ ಸೇರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಎದ್ದು ಲಟ್ಟಣಿಗೆಯ ಕಟ್ಟಿಗೆಯನ್ನು ತಿರುಗಣಿಗೆ ಏರಿಸುತ್ತಿದ್ದೆ, ಹೊರಗೆ ಗದ್ದಲ. ನೋಡಿದರೆ ಕಟ್ಟೆಯ ತುಂಬ ಜನ. ಶಹಾಪುರದಿಂದ ಗಾಡಿ ಕಟ್ಟಿಕೊಂಡು ಬಂದವರೂ ಇದ್ದರು. ಎಲ್ಲರಿಗೂ ಕಲಮು ಬೇಕಂತೆ. ಖುಷಿಯಾಗಿ ಇದ್ದುದರಲ್ಲೇ ಒಳ್ಳೆಯ, ಫಳಫಳ ಹೊಳೆಯುವ ಒಂದನ್ನು ಮುಂದೆ ಹಿಡಿದೆ.

ಶಹಾಪುರದ ಹಿರಿಯ ಅದನ್ನು ತಿರುಗಿಸಿ ನೋಡಿ ವಾಪಸು ಕೊಟ್ಟ.

"ಹೊಳಿಯೂದು ಬ್ಯಾಡೋ ತಮ್ಮಾ, ಅಂಟೂದು ಕೊಡು. ನಮ್ಮ ಕಡಿನೂ ಒಬ್ರು ಸಾಹೇಬ್ರು ಅದಾರ."